ಗುಡದಪ್ಪನ ಪುಕ್ಕದ ಹುಳ

ಕೋಟು ಎಂಬುದು ಬಡವನಿಗೆ ಜನ್ಮದಲ್ಲಿ ಎರಡು ಸಲ ಒದಗುವ ಭಾಗ್ಯ. ಮೊದಲನೆಯದು ಮದುವೆಯಲ್ಲಿ, ಅದು ಬಾಡಿಗೆಯದಾದ್ದರಿಂದ ಅರಿಷಿಣ ಹತ್ತಿದ ಮರುದಿನವೇ ಮರಳಿ ಹೋಗುತ್ತದೆ. ಎರಡನೆಯದು ರಾಣೇಬೆನ್ನೂರಿನ ಸಂತೆಯಲ್ಲಿ, ಮಹಮ್ಮದಗೌಸನು ಗೋಣಿತಟ್ಟಿನ ಮೇಲೆ ಸುರಿದ ಪರದೇಶದ ಹಳೆಯ ಬಟ್ಟೆಗಳ ಗುಡ್ಡೆಯಲ್ಲಿ. ಈ ಎರಡನೆಯ ಕೋಟು ಅಪಾಯಕಾರಿ. ಅದನ್ನು ಮರಳಿ ಕೇಳುವವರು ಯಾರೂ ಇರುವುದಿಲ್ಲ.

ಹಾವೇರಿ ಇನ್ನೂ ಜಿಲ್ಲೆಯಾಗಿರದೆ, ಎಲ್ಲ ಅಹವಾಲಿಗೂ ಜನ ಧಾರವಾಡದ ಬಸ್ಸು ಹತ್ತುತ್ತಿದ್ದ ಕಾಲ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಅಂದಾನೆಪ್ಪ ಸಾಹುಕಾರರ ದಲಾಲಿ ಅಂಗಡಿಯಲ್ಲಿ ಚೀಲ ತೂಗುತ್ತಿದ್ದ ಗುಡದಪ್ಪ, ಮಗಳು ಜಯವ್ವನಿಗೆ ಕುಬಸದ ಅರಿವೆ ತರಲು ಸಂತೆಗೆ ಹೋದವನು ತನಗೆ ಕೋಟು ತಂದ. ತಪ್ಪು ಅವನದಲ್ಲ. ಮಹಮ್ಮದಗೌಸ ಅದನ್ನು ಅವನ ಮೈಮೇಲೆ ಹಿಡಿದು ನೋಡಿ ಒಂದು ಮಾತು ಅಂದಿದ್ದ:

“ಇದನ್ನ ಹಾಕ್ಕೊಂಡಾಂವ ಅಮೇರಿಕಾದಾಗ ಡಿ.ಸಿ. ಇದ್ದ ನೋಡ್ರಿ, ಗುಡದಪ್ಪಣ್ಣ.”

“ನಿನಗ ಹೆಂಗ ಗೊತ್ತೋ?”

“ಕಾಲರ್ ನೋಡ್ರಿ. ಒಂದರೆ ಬೆವರಿನ ಕಲೆ ಐತೇನು? ಕೆಲಸ ಮಾಡಾವ್ರ ಕೋಟ ಅಲ್ರಿ ಇದು!”

ಈ ತರ್ಕಕ್ಕೆ ಗುಡದಪ್ಪ ಕುಬಸದ ದುಡ್ಡು ಎಣಿಸಿಕೊಟ್ಟ.

ಮನೆಗೆ ಬಂದು, ಕಾಗೆಯೂ ಬಾಯಿ ತೆರೆದು ಕೂರುವ ಬಿಸಿಲಿನಲ್ಲಿ ಕೋಟು ತೊಟ್ಟು ಒಳಜೇಬಿಗೆ ಕೈ ಹಾಕಿದಾಗ ಬೆರಳಿಗೆ ಮೆತ್ತಗೆ ಏನೋ ಹತ್ತಿತು. ಎಳೆದರೆ ಗೇಣುದ್ದದ ನೇರಳೆ ಬಣ್ಣದ ಹುಳ. ಮೈತುಂಬ ಚಮಕಿಯ ಚುಕ್ಕೆ, ಕೊನೆಗೆ ಕುಡುಗೋಲಿನಂತೆ ಬಾಗಿದ ಬಾಲ. ಹಿಡಿದರೆ ಬಳುಕುತ್ತಿತ್ತು, ಮೂಸಿದರೆ ಸೋಂಪಿನ ವಾಸನೆ ಬರುತ್ತಿತ್ತು.

“ಎವ್ವಾ! ಕೋಟಿನ್ಯಾಗ ಜಂತು!” ಎಂದು ಅವನ ಹೆಂಡತಿ ಗುತ್ತೆವ್ವ ಕಸಬರಿಗೆ ಎತ್ತಿದಳು.

ಹಿಂಡಿ ನೋಡಿದ ಮೇಲೆ ಅದು ರಬ್ಬರಿನಂಥ ಪ್ಲಾಸ್ಟಿಕ್ ಎಂದೂ, ಮೀನು ಹಿಡಿಯಲು ಪರದೇಶದ ಮಂದಿ ಗಾಳಕ್ಕೆ ಸಿಗಿಸುವ ಸುಳ್ಳು ಹುಳವೆಂದೂ ತಿಳಿಯಿತು. ಜೇಬಿನ ಮೂಲೆಯಲ್ಲಿ ಗಾಳವೂ ಇತ್ತು.

“ಖರೇ ಎರಿಹುಳ ಮೋರಿ ಬಾಜೂಕ ಬೇಕಾದಷ್ಟು ಅದಾವಲ್ರಿ,” ಎಂದಳು ಗುತ್ತೆವ್ವ. “ರಬ್ಬರಿಂದ ಯಾಕ ಮಾಡ್ಯಾರ?”

“ಮೋರ್ಯಾಗಿಂದ ತಿನ್ನಾಕ ಅಲ್ಲಿ ಮೀನ ಏನು ನಮ್ಮಂಗ ಬಡವ್ರನ? ಸುಮ್ನಿರು.”

ಮರುವಾರ ಹಾವೇರಿಯ ಹೆಗ್ಗೇರಿ ಕೆರೆಯ ದಂಡೆಯಲ್ಲಿ ನಡೆದದ್ದನ್ನು ಗುಡದಪ್ಪ ಮುಂದೆ ಬೇರೆಬೇರೆ ಅಳತೆಗಳಲ್ಲಿ ಹೇಳಿದ್ದುಂಟು. ನಡೆದದ್ದು ಇಷ್ಟು: ಹುಳ ನೀರಿಗೆ ಬಿತ್ತು, ನೀರು ಸೀಳಿತು, ಹಾವಿನ ತಲೆಯ ಕುಚ್ಚು ಮೀನೊಂದು ಗಬಕ್ಕನೆ ನುಂಗಿತು. ದಂಡೆಗೆ ಎಳೆಯುವಷ್ಟರಲ್ಲಿ ದಾರ ಹರಿಯಿತು. ಗುಡದಪ್ಪ ಕೋಟಿನ ಸಮೇತ ಮೀನಿನ ಮೇಲೆ ಬಿದ್ದು, ಬಹಳ ದಿನಕ್ಕೆ ಭೇಟಿಯಾದ ಅಣ್ಣತಮ್ಮಂದಿರಂತೆ ಇಬ್ಬರೂ ಕೆಸರಿನಲ್ಲಿ ಹೊರಳಾಡಿದರು. ಕೊನೆಗೆ ಮೇಲೆದ್ದವನು ಗುಡದಪ್ಪ. ಮೀನಿನ ಬಾಯಲ್ಲಿ ನೋಡಿದರೆ ಹುಳವಿರಲಿಲ್ಲ. ಕೆರೆಗೆ ಬಿತ್ತೆಂದು ಕೈ ಮುಗಿದು, ಮೀನು ಹೊತ್ತು ಹೊರಟ.

ಬಸ್ ಸ್ಟ್ಯಾಂಡಿನಲ್ಲಿ ಮಂದಿ ನೆರೆದರು. “ಏನ ಹಾಕಿ ಹಿಡದ್ರಿ ಇದನ್ನ?” ಎಂದು ಯಾರೋ ಕೇಳಿದರು. ಹಳೆ ಕೋಟಿನ ಜೇಬಿನಲ್ಲಿ ಸಿಕ್ಕ ರಬ್ಬರು ಎನ್ನಬಹುದಿತ್ತು. ಆದರೆ ಕೋಟು ತೊಟ್ಟ ಮನುಷ್ಯನ ಬಾಯಿಂದ ಬಂದ ಮಾತೇ ಬೇರೆ:

“ನಾನ ಕಟ್ಟಿದ ಹುಳ. ಕೈಯಾರೆ ಕಟ್ಟೇನಿ.”

ಆ ಮಾತನ್ನು ಕೇಳಿದವರಲ್ಲಿ ಗುತ್ತೆವ್ವನ ತಮ್ಮ, ರಾಣೇಬೆನ್ನೂರಿನಲ್ಲಿ ಸೈಕಲ್ ಅಂಗಡಿ ಇಟ್ಟ ಮೈಲಾರೆಪ್ಪನೂ ಇದ್ದ. ಗುಡದಪ್ಪನ ಯಾವ ಮಾತನ್ನೂ ಮುರಿದು ನಾಲ್ಕು ತುಂಡು ಮಾಡಿ ನೋಡುವುದು ಅವನ ಹವ್ಯಾಸ. “ಹಂಗಾರ ಮಾಂವಾ, ಇನ್ನೊಂದ ಕಟ್ಟು. ಜಯವ್ವನ್ನ ನೋಡಾಕ ಬೀಗರು ಬರ್ತಾರಲ್ಲ, ಅವತ್ತ ಇಂಥಾದ್ದ ಮೀನ ಆಗಬೇಕು. ಬೀರವ್ವಕ್ಕಗ ಮೀನಂದ್ರ ಜೀವ.”

“ಒಂದಲ್ಲ, ಎರಡ ಹಿಡದ ಹಾಕ್ತೇನಿ!” ಎಂದ ಗುಡದಪ್ಪ. ಹೇಳಿದ್ದು ಕೋಟು, ಸಿಕ್ಕಿಬಿದ್ದದ್ದು ಅವನು.

ಬೀಗಿತಿಯಾಗಬೇಕಿದ್ದ ಈ ಬೀರವ್ವನ ಸುದ್ದಿ ಸ್ವಲ್ಪ ಹೇಳಬೇಕು. ಹೆಣ್ಣು ನೋಡಲು ಹೋದಲ್ಲಿ ಹುಡುಗಿಯನ್ನು ನಡೆಸಿ ನೋಡಿ, ಓದಿಸಿ ನೋಡಿ, ಒಳಗೆ ರೊಟ್ಟಿ ಬಡಿಯಲು ಹಚ್ಚಿ ಹೊರಗೆ ಕೂತು ಸಪ್ಪಳದ ಮೇಲೆ ಅಂಕ ಹಾಕುವ ಹೆಂಗಸು ಅವಳು. ಹಲವು ಊರಿನ ಹುಡುಗಿಯರು ಆ ಪರೀಕ್ಷೆಯಲ್ಲಿ ನಪಾಸಾಗಿದ್ದರು. ಆದರೆ ಅವಳ ಮಗ ಹೇಮಪ್ಪ ಬ್ಯಾಡಗಿ–ರಾಣೇಬೆನ್ನೂರು ಬಸ್ಸಿನ ಕಂಡಕ್ಟರ್. ಆ ಬಸ್ಸು ಬರುವ ಹೊತ್ತಿಗೇ ಜಯವ್ವನಿಗೆ ರಸ್ತೆಯ ನಲ್ಲಿಯಿಂದ ನೀರು ತರುವ ಕೆಲಸ ಬೀಳುತ್ತಿತ್ತು. ಮನೆಯ ಬಕೀಟಿಗೆ ತಳದಲ್ಲಿ ತೂತು ಇದ್ದದ್ದರಿಂದ ಮತ್ತೆ ಮತ್ತೆ ಬೀಳುತ್ತಿತ್ತು. ಈ ಸಂಬಂಧ ತಪ್ಪಬಾರದೆಂದು ಗುತ್ತೆವ್ವ ಮೈಲಾರಲಿಂಗನಿಗೆ ಹರಕೆ ಹೊತ್ತಿದ್ದಳು.

ಹೀಗಾಗಿ ಗುಡದಪ್ಪ ಹುಳ ಕಟ್ಟಲು ಕೂತ. ಅದೂ ಸುಮ್ಮನೆ ಹುಳವಲ್ಲ. ಹುಳದಂತೆ ಕಾಣಲೆಂದು ಅಮೇರಿಕದವನು ಮಾಡಿದ ರಬ್ಬರು. ಆ ರಬ್ಬರಿನಂತೆ ಕಾಣಬೇಕೆಂದು ಬ್ಯಾಡಗಿಯವನು ಕಟ್ಟುವ ಪುಕ್ಕ. ಮೋರಿಯ ಪಕ್ಕದ ಎರೆಹುಳಕ್ಕೆ ಈ ವಂಶಾವಳಿ ತಿಳಿದಿದ್ದರೆ ನಾಚಿಕೊಂಡು ಮಣ್ಣೊಳಗೆ ಹೋಗುತ್ತಿತ್ತು.

ಬಳುಕಿಗೆ ಹುಂಜದ ಬಾಲದ ಗರಿಯೇ ಆಗಬೇಕೆಂದು ತೀರ್ಮಾನವಾಯಿತು. ಮಗ್ಗುಲ ಮನೆಯ ಉಚ್ಚಂಗೆವ್ವನ ಹುಂಜಕ್ಕೆ ಓಣಿಯಲ್ಲೇ ಹೆಸರಾದ ಬಾಲವಿತ್ತು. ಅದರ ಹಿಂದೆ ಕುಕ್ಕರಗಾಲಿನಲ್ಲಿ ಕೂತ ಗುಡದಪ್ಪನನ್ನು ಕಂಡು ಮುದುಕಿ ಕೇಳಿದಳು:

“ಏನ ಹುಡಕಾಕತ್ತೀಯೋ ಗುಡದಪ್ಪಾ?”

“ಏನಿಲ್ಲ ಬೇ. ನಿನ್ನ ಹುಂಜದ ಹಿಂಭಾಗ ಬಾಳ ಚಲೋ ಐತಿ.”

ಮರುದಿನ ಬೆಳಿಗ್ಗೆ ಹುಂಜ ಕೂಗಿತು, ಆದರೆ ನಾಚಿಕೊಂಡು ಕೂಗಿತು. ಹಿಂದೆ ಬಾಲವಿರಲಿಲ್ಲ.

ಹುಳದ ಕಾಲುಗಳಿಗೆ ಕೂದಲು ಬೇಕಾಯಿತು. ಗುತ್ತೆವ್ವ ತಲೆ ಬಾಚಿ ಉಂಡೆ ಮಾಡಿ, ಕೂದಲಿಗೆ ಪಾತ್ರೆ ಕೊಡುವವಳಿಗೆಂದು ಗೋಡೆಯ ಸಂದಿಯಲ್ಲಿಟ್ಟ ಕೂದಲು ಹೋಯಿತು. ಸಾಲದ್ದಕ್ಕೆ ಉಚ್ಚಂಗೆವ್ವನನ್ನೂ ಕೇಳಿದ: “ಬಿಳಿ ಕೂದಲಾ ಒಂದ ಎಳಿ ಕೊಡ ಬೇ, ಹೊಟ್ಟಿಗೆ ಬೇಕಾಗೈತಿ.” ಹುಳದ ಹೊಟ್ಟೆಗೆ ಎಂದು ಹೇಳುವುದು ಮರೆತ. ನೇರಳೆ ಬಣ್ಣಕ್ಕೆ ಹೆಂಡತಿಯ ಇಳಕಲ್ ಸೀರೆಯ ದಡಿಯಿಂದ ರೇಶಿಮೆ ಎಳೆ ಬಿಚ್ಚಿದ. ಅದನ್ನು ಕಂಡ ಗುತ್ತೆವ್ವ ಆಡಿದ ಮಾತುಗಳು ಅಚ್ಚಿಗೆ ತಕ್ಕವಲ್ಲ. ಇದನ್ನೆಲ್ಲ ಒಣ ಮೆಣಸಿನಕಾಯಿಯೊಂದನ್ನು ಎದುರಿಗಿಟ್ಟುಕೊಂಡು, ಅದರ ಬಾಗು ನೋಡುತ್ತ, ಕರಿದಾರದಿಂದ ಬಿಗಿದು ಮೇಣ ಹಚ್ಚಿ ಚಮಕಿ ಉದುರಿಸಿದ. ಕೊನೆಗೆ ಕೊಕ್ಕೆ ಸಿಗಿಸಿದ.

ಈ ನಡುವೆ ಒಂದು ದಿನ ಗುತ್ತೆವ್ವ, “ನೋಡ್ರಿಲ್ಲೆ, ಬಕೀಟ ಸೋರೂದು ನಿಂತೈತಿ, ಯಾಕಂದ್ರ—” ಎಂದು ಏನೋ ಹೇಳಲು ಬಂದಳು.

“ಸುಮ್ನಿರ ಅಂದ್ನೆಲ್ಲ! ನಾ ಕಸಬಿನ್ಯಾಗ ಅದೇನಿ,” ಎಂದ ಗುಡದಪ್ಪ. ಅವಳು ಸುಮ್ಮನಾದಳು. ಈ ಸುಮ್ಮನಾಗುವಿಕೆಯನ್ನು ಓದುಗರು ಜೋಪಾನವಾಗಿ ಇಟ್ಟುಕೊಳ್ಳಬೇಕು.

ಮೊದಲ ಹುಳವನ್ನು ಹೆಗ್ಗೇರಿಯಲ್ಲಿ ಪರೀಕ್ಷಿಸಲಾಯಿತು. ಗಾಳವನ್ನು ಬೀಸಿದ ರಭಸಕ್ಕೆ ಅದು ಹಿಂದೆ ಹಾರಿ ಕೋಟಿನ ಬೆನ್ನಿಗೆ ಸಿಕ್ಕಿತು. ಒಂದಿಡೀ ಮಧ್ಯಾಹ್ನ ಗುಡದಪ್ಪ ತನ್ನನ್ನೇ ಎಳೆದುಕೊಂಡ. ಬಿಡಿಸಲು ಬಾರದ ಆ ಹುಳವನ್ನು ಬೆನ್ನ ಮೇಲೆ ಹೊತ್ತೇ ಮರುದಿನ ಪೇಟೆಗೆ ಹೋದ. ಸಾಹುಕಾರರು ಬರುವ ಮೊದಲು ಗಾದಿಯ ಮೇಲೆ ಅಂಗಾತ ಒರಗಿ ಒಂದು ಗಳಿಗೆ ಕಣ್ಣು ಮುಚ್ಚಿದ. ಎದ್ದು ಊರಾಚೆಯ ಗೋದಾಮಿಗೆ ಚೀಲ ತೂಗಲು ಹೋದ. ಹುಳ ಮಾತ್ರ ಏಳಲಿಲ್ಲ.

ಅಂದು ಅಮಾವಾಸ್ಯೆ.

ಅಂದಾನೆಪ್ಪ ಸಾಹುಕಾರರು ವಿಭೂತಿ ಹಚ್ಚಿಕೊಂಡು, ಲಕ್ಷ್ಮಿಯ ಪಟಕ್ಕೆ ಊದುಬತ್ತಿ ಬೆಳಗಿ, ಗಾದಿಯ ಮೇಲೆ ಕೂತರು. ಕೂತಷ್ಟೇ ವೇಗದಲ್ಲಿ ಎದ್ದರು. ಹಿಂದೆ ಕೈ ಹಾಕಿ ಕಿತ್ತು ನೋಡಿದರೆ, ಕರಿದಾರ! ಹೆಣ್ಣಿನ ಕೂದಲು! ಹುಂಜದ ಪುಕ್ಕ! ಮೇಣ! ಕೊಕ್ಕೆ!

“ಯಪ್ಪಾ, ಮಾಟಾ ಮಾಡ್ಯಾರಲೇ! ಅದೂ ಕುಂದರೂ ಜಾಗಾಕ ಮಾಡ್ಯಾರ!”

ಹಮಾಲರು ಚೀಲ ಬಿಟ್ಟು ಓಡಿಬಂದರು. ಒಬ್ಬ ಉಪ್ಪು ತಂದ, ಒಬ್ಬ ನಿಂಬೆಹಣ್ಣು ತಂದ, ಮೆಣಸಿನಕಾಯಿಗಂತೂ ಅಲ್ಲಿ ಬರವಿರಲಿಲ್ಲ. ದೃಷ್ಟಿ ತೆಗೆಯಲೆಂದು ಬೆಂಕಿಗೆ ಹಾಕಿದ ಮೆಣಸಿನಕಾಯಿ ಘಾಟಿಗೆ ಆ ಸಾಲಿನ ಅಂಗಡಿಗಳೆಲ್ಲ ಕೆಮ್ಮುತ್ತ ಬಾಗಿಲು ಹಾಕಿದವು. ಯಾರು ಮಾಡಿದ್ದು ಎಂಬುದಕ್ಕೆ ಸಾಕ್ಷಿ ಹುಡುಕಬೇಕಾಗಲಿಲ್ಲ. ಉದುರಿದ ಮೆಣಸಿನಕಾಯಿ ಆರಿಸಲು ಬಂದಿದ್ದ ಉಚ್ಚಂಗೆವ್ವ ಎದೆ ಬಡಿದುಕೊಂಡಳು.

“ಅದು ನನ್ನ ಹುಂಜದ ಬಾಲ ಐತ್ರಿ! ಗುಡದಪ್ಪ ಕಿತ್ತಾನ. ನನ್ನ ಕೂದಲಾನೂ ಕೇಳ್ಯಾನ್ರಿ, ‘ಹೊಟ್ಟಿಗೆ ಬೇಕಾಗೈತಿ’ ಅಂದ! ಅವತ್ತಿಂದ ನನ್ನ ಹೊಟ್ಟಿ ಗುಡುಗುಡು ಅನ್ನಾಕತ್ತೈತಿ!”

ಇಂಥ ಮಾತನ್ನು ಯಾರೂ ಮುಖದ ಮೇಲೆ ಕೇಳುವುದಿಲ್ಲ. ಕೇಳಿದವನ ಮೇಲೆಯೇ ಮಾಡಿಬಿಟ್ಟರೆ?

ಹೀಗಾಗಿ ಗುಡದಪ್ಪನ ಪಾಲಿಗೆ ಹೊಸ ಯುಗವೊಂದು ಕಾರಣ ಹೇಳದೆ ಶುರುವಾಯಿತು. ಹಮಾಲರು ಅವನನ್ನು ಕಂಡು ದಾರಿ ಬಿಟ್ಟರು. ಚಹಾದವನು ಕೆನೆ ಹಾಕಿ ಕೊಟ್ಟ. ಸ್ವತಃ ಅಂದಾನೆಪ್ಪ ಸಾಹುಕಾರರು, “ಗುಡದಪ್ಪ, ನಿಂತ ನಿಂತ ಕಾಲ ನೊಂದಾವು, ಕುಂದ್ರೋ,” ಎಂದು ಕುರ್ಚಿ ತರಿಸಿದರು. ಉಚ್ಚಂಗೆವ್ವ ಬಾಲವಿಲ್ಲದ ಹುಂಜವನ್ನೇ ಕಾಲು ಕಟ್ಟಿ ತಂದು ಹೊಸ್ತಿಲಲ್ಲಿಟ್ಟು, “ಉಳದದ್ದೂ ನೀನ ಇಟ್ಕೋಪ್ಪಾ, ನನ್ನ ಹೊಟ್ಟಿ ಒಂದ ಬಿಡು,” ಎಂದು ಓಡಿದಳು.

“ನೋಡಿದೇನು?” ಎಂದ ಗುಡದಪ್ಪ ಹೆಂಡತಿಗೆ, ಕಾಲರ್ ಸರಿಮಾಡಿಕೊಳ್ಳುತ್ತ. “ಕೋಟಿನ ಕಿಮ್ಮತ್ತು.”

ಮುಂದಿನ ಮನುಷ್ಯ ಹವಾಲ್ದಾರ ಫಕ್ಕೀರಪ್ಪ. ಚೀಲಗಳ ಮರೆಗೆ ಕರೆದು ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತ.

“ಗುಡದಪ್ಪಣ್ಣ, ಹೆಂಡ್ರು ಮಕ್ಕಳು ಹಾವೇರ್ಯಾಗ, ನಾ ಇಲ್ಲಿ. ಹಾವೇರಿಗೆ ಹೋಗೂವಂಗ ನಂಗೂ ಒಂದ ಕಟ್ಟಿ ಕೊಡು. ದೊಡ್ಡ ಸಾಹೇಬ್ರು ಜಗ್ಗವಲ್ರು.”

ಹವಾಲ್ದಾರನಿಗೂ ಮೀನಿನ ಹುಚ್ಚಿದೆ ಎಂದು ಗುಡದಪ್ಪನಿಗೆ ಬಲು ಸಂತೋಷವಾಯಿತು. ‘ಸಾಹೇಬ್ರು’ ಎಂಬ ಮಾತೊಂದು ಅವನ ಕಿವಿಗೆ ಬೀಳಲೇ ಇಲ್ಲ. ಕಣ್ಣ ಮುಂದೆ ಹೆಗ್ಗೇರಿ ನಿಂತಿತ್ತು.

“ಎಷ್ಟ ದೊಡ್ಡದಿದ್ರೂ ಜಗ್ಗತೈತ್ರಿ! ಒಮ್ಮೆ ಬಾಯಾಗ ಸಿಕ್ಕೊಂಡ್ರ ಮುಗೀತು. ಒದ್ದಾಡತೈತಿ, ಹೊರಳಾಡತೈತಿ, ಬಿಡಬಾರದು.”

ಫಕ್ಕೀರಪ್ಪನ ಮುಖ ಇಳಿಯಿತು. “ಸಾ... ಸಾಯೂದಿಲ್ಲಲಾ?”

“ಸತ್ರ ಇನ್ನೂ ಚಲೋ ಅಲ್ಲೇನ್ರಿ? ಕೊಯ್ದು, ಉಪ್ಪ ಖಾರ ಹಚ್ಚಿ, ಹುರದು, ಹೆಂಡ್ರು ಮಕ್ಕಳು ಕೂಡಿ ತಿಂದಬಿಡ್ರಿ!”

ಹವಾಲ್ದಾರ ಟೊಪ್ಪಿಗೆ ಅಲ್ಲೇ ಬಿಟ್ಟು ಹೋದ. ವರ್ಗಾವಣೆ ಬೇಡವೆಂದೂ ಬ್ಯಾಡಗಿಯ ಹವೆ ತನಗೆ ಒಗ್ಗಿದೆಯೆಂದೂ ಅಂದು ಸಂಜೆಯೇ ಎಲ್ಲರಿಗೂ ಸಾರಿದ. ಯಾಕೆಂದು ಕೇಳಿದವರಿಗೆ ಯಾಕೆಂಬುದನ್ನೂ ಹೇಳಿದ. ಆ ಸುದ್ದಿ ಹೇಮಪ್ಪನ ಬಸ್ಸನ್ನೇ ಹತ್ತಿ, ಟಿಕೀಟಿಲ್ಲದೆ, ರಾಣೇಬೆನ್ನೂರು ಮುಟ್ಟಿತು.

ಬೀಗರು ಬರುವ ಆದಿತ್ಯವಾರ ಬಂತು. ಮೀನು ಬರಲಿಲ್ಲ. ಗುಡದಪ್ಪ ಕಟ್ಟಿದ ಹುಳಗಳನ್ನು ಹೆಗ್ಗೇರಿಯ ಮೀನುಗಳು ದೂರದಿಂದ ಬಂದು ನೋಡಿ, ಕರುಣೆಯಿಂದ ಹೋಗಿದ್ದವು. ಗುತ್ತೆವ್ವ ಉಚ್ಚಂಗೆವ್ವನ ಹುಂಜವನ್ನು ಕೊಯ್ದು ಸಾರು ಮಾಡಿದಳು.

ಬೀರವ್ವ, ಅವಳ ಗಂಡ ತಿರಕಪ್ಪ, ಮಗ ಹೇಮಪ್ಪ ಮೂವರೂ ಜಮಖಾನೆಯ ಅಂಚಿನಲ್ಲಿ, ಬಾಗಿಲಿಗೆ ಹತ್ತಿರವಾಗಿ ಕೂತರು. ಅವರನ್ನು ಕರೆತಂದ ಮೈಲಾರೆಪ್ಪ ಎಂದೂ ಇಲ್ಲದಂತೆ ಭಾವನ ಕಾಲು ಮುಟ್ಟಿ, “ಹಿಂದ ಏನರೆ ಚ್ಯಾಷ್ಟಿ ಮಾಡಿದ್ರ ಹೊಟ್ಟ್ಯಾಗ ಹಾಕ್ಕೋ ಮಾಂವಾ,” ಎಂದ. ಕೋಟಿನೊಳಗೆ ಬೆವರಿನ ಕಾಲುವೆ ಹರಿಯುತ್ತಿದ್ದರೂ ಗುಡದಪ್ಪ ಡಿ.ಸಿ.ಯಂತೆ ತಲೆ ಆಡಿಸಿದ.

“ಹುಡಿಗಿ ಬಾಳ ಚಲೋ ಅದಾಳ್ರಿ,” ಎಂದಳು ಬೀರವ್ವ ಒಂದೇ ಉಸಿರಿನಲ್ಲಿ. “ನಮಗ ಒಪ್ಪಿಗಿ ಐತಿ. ಏನೂ ಬ್ಯಾಡ. ಬರ್ತೇವಿ.”

ಹುಡುಗಿ ಇನ್ನೂ ಹೊರಗೇ ಬಂದಿರಲಿಲ್ಲ.

“ಅಯ್ಯ, ರೊಟ್ಟಿ ಸಪ್ಪಳ ಕೇಳಬೇಕಲ್ರಿ?” ಎಂದ ಗುಡದಪ್ಪ.

“ಕೇಳಸ್ತು, ಕೇಳಸ್ತು!” ಎಂದಳು ಬೀರವ್ವ. ಒಳಗೆ ಯಾರೂ ರೊಟ್ಟಿ ಬಡಿಯುತ್ತಿರಲಿಲ್ಲ. ಅವಳು ಏಳಲು ಹೋದಾಗ ಮಡಿಲಿನಿಂದ ನಿಂಬೆಹಣ್ಣೊಂದು ಉರುಳಿ ಗುಡದಪ್ಪನ ಕಾಲ ಹತ್ತಿರ ಬಂದು ನಿಂತಿತು.

“ಊಟಾ ಮಾಡೇ ಹೋಗಬೇಕು. ಹುಂಜದ ಸಾರೈತಿ.”

ಮೂವರೂ ಮುಖ ಮುಖ ನೋಡಿಕೊಂಡರು. ಬಾಲವಿಲ್ಲದ ಹುಂಜದ ಕಥೆ ಅವರೂ ಕೇಳಿದ್ದರು. “ನನಗ ಇವತ್ತ ಒಪ್ಪತ್ತು,” ಎಂದಳು ಬೀರವ್ವ. “ನನಗೂ,” ಎಂದ ತಿರಕಪ್ಪ. “ನನಗೂ ಇರಬೇಕು ಅನಸ್ತೈತ್ರಿ,” ಎಂದ ಹೇಮಪ್ಪ, ಸಾರಿನ ವಾಸನೆ ಬರುವ ಕಡೆ ನೋಡುತ್ತ.

ಗುತ್ತೆವ್ವ ಗಂಡನನ್ನು ಕೋಟು ಹಿಡಿದು ಒಳಗೆ ಎಳೆದಳು. ಮೈಲಾರೆಪ್ಪನಿಂದ ಆಗಷ್ಟೇ ಕೇಳಿ ತಿಳಿದದ್ದನ್ನೆಲ್ಲ ಪಿಸುಮಾತಿನಲ್ಲಿ ಸುರಿದಳು. ಗಾದಿ, ಹವಾಲ್ದಾರ, ಮುದುಕಿಯ ಹೊಟ್ಟೆ, ಎಲ್ಲ. ಗುಡದಪ್ಪನ ಬಾಯಿ ಕುಚ್ಚು ಮೀನಿನಂತೆ ತೆರೆಯಿತು.

“ಅಂದ್ರ... ಕೋಟಿಗೆ ಅಲ್ಲ?”

“ಕೋಟಿಗೆ ಬೆಂಕಿ ಹಚ್ಚಲಿ! ನಿಮ್ಮ ಹುಚ್ಚಾಟ ಹುಟ್ಟಿದಾಗಿಂದ ಒಮ್ಮೆ ಉಪೇಗಕ್ಕ ಬಂದೈತಿ. ಅಂಜ್ಯರ ಒಪ್ಯಾರ. ಬಾಯಿ ಮುಚ್ಚಿಕೊಂಡು ಎಲಿ ಅಡಿಕಿ ಕೊಡ್ರಿ.”

ಒಲೆಯ ಬಳಿ ಹೊಸ ಸೀರೆಯಲ್ಲಿ ಕೂತಿದ್ದ ಜಯವ್ವ ತಲೆ ಎತ್ತದೆ ಅಂದಳು: “ಅಪ್ಪಾ, ಅಂಜಿಕೊಂಡು ಕರಕೊಂಡ ಹೋದ್ರ, ಆ ಮನ್ಯಾಗ ನನ್ನ ಕೂಡ ಮಾತಾಡವ್ರು ಯಾರು?”

ಗುಡದಪ್ಪ ಹೊರಗೆ ಹೋದ. ಮಗಳಿಗಾಗಿ ಹೋದನೋ, ತನ್ನ ಕಸಬನ್ನು ಮಾಟವೆಂದರಲ್ಲ ಎಂಬ ಸಿಟ್ಟಿಗೆ ಹೋದನೋ, ಆ ವ್ಯಾಜ್ಯ ಇಂದಿಗೂ ಇತ್ಯರ್ಥವಾಗಿಲ್ಲ. ಹೋದದ್ದಂತೂ ಖರೆ, ಒಂದು ಕೈಯಲ್ಲಿ ಪುಕ್ಕದ ಹುಳ, ಇನ್ನೊಂದರಲ್ಲಿ ನೀರು ತುಂಬಿದ ಬಕೀಟು ಹಿಡಿದು. ಬೀರವ್ವ ಕಿರುಚಿ ಗಂಡನ ಹಿಂದೆ ಹೋದಳು. ಗಂಡ ಮಗನ ಹಿಂದೆ ಹೋದ. ಮಗನಿಗೆ ಹಿಂದೆ ಗೋಡೆಯಿತ್ತು.

“ಅಂಜಬ್ಯಾಡ್ರಿ! ಇದು ಮಾಟ ಅಲ್ರಿ, ಮೀನ ಹಿಡಿಯೂ ಹುಳ! ನೀರಾಗ ಹೆಂಗ ಈಸತೈತಿ ನೋಡ್ರಿ, ಇಲ್ಲೆ ಬರ್ರಿ!”

ಬಕೀಟನ್ನು ಜಮಖಾನೆಯ ನಡುವೆ ಇಟ್ಟು, ಹುಳವನ್ನು ದಾರ ಹಿಡಿದು ಇಳಿಬಿಟ್ಟ. ಹುಳ ಈಸಲಿಲ್ಲ, ಮುಳುಗಿತು. ಬಗ್ಗಿ ನೋಡಿದ. ಬಾಗಿಲ ಬಿಸಿಲು ನೀರಿಗೆ ಬಿದ್ದಿತ್ತು. ತಳದಲ್ಲಿ, ಪುಕ್ಕದ ಹುಳದ ಮಗ್ಗುಲಲ್ಲೇ, ನೇರಳೆ ಬಣ್ಣದ್ದೇನೋ ಚಮಕಿ ಹೊಳೆಸಿತು.

“ಇದ! ಇದ ನೋಡ್ರಿ! ನನ್ನ ಹುಳ!” ಎಂದು ಕೂಗಿ ಗುಡದಪ್ಪ ಮೊಳಕೈವರೆಗೆ ಕೋಟು ಮುಳುಗಿಸಿ, ಹಿಡಿದು, ಎಳೆದೇಬಿಟ್ಟ.

ಅಮೇರಿಕದ ರಬ್ಬರು ಅವನ ಕೈಗೆ ಬಂತು. ತೂತು ತೆರೆದು ಬಕೀಟಿನ ನೀರು ಜಮಖಾನೆಗೆ ಬಂತು.

“ಅದು ಅವತ್ತಿನ ಮೀನಿನ ಹೊಟ್ಟ್ಯಾಗ ಸಿಕ್ಕಿತ್ತು!” ಎಂದು ಗುತ್ತೆವ್ವ ಒಳಗಿನಿಂದಲೇ ಕೂಗಿದಳು. “ಹೇಳಾಕ ಬಂದ್ರ ‘ಸುಮ್ನಿರು’ ಅಂದ್ರಿ, ನಾ ಸುಮ್ನಾದೆ!”

“ಅಂದ್ರ ಮಾಂವಾ,” ಎಂದ ಮೈಲಾರೆಪ್ಪ, ಹೋದ ಜೀವ ಮರಳಿ ಬಂದಂತೆ, “ಆ ಮೀನ ಹಿಡದ ಹುಳ ನೀ ಕಟ್ಟಿದ್ದಲ್ಲ?”

ಗುಡದಪ್ಪನ ತೊಯ್ದ ಕೋಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅದೇ ಉತ್ತರ ಕೊಟ್ಟಿತು.

ಅಷ್ಟರಲ್ಲಿ ಜಯವ್ವ ಓಡಿಬಂದು, ಸೆರಗು ಸಿಗಿಸಿ, ಬಕೀಟಿನ ತೂತಿಗೆ ಹೆಬ್ಬೆಟ್ಟು ಒತ್ತಿ ಹಿಡಿದು, ಹೇಮಪ್ಪನ ಕಡೆ ನೋಡಿ, “ಸುಮ್ನ ನಿಂತೀರೇನ? ಹಂಡೇಕ ಸುರೀಬೇಕು, ಹಿಡೀರಿ ಆ ಕಡೆ,” ಎಂದಳು. ಹೇಮಪ್ಪ ಹಿಡಿದ. ಇಬ್ಬರೂ ಬಕೀಟು ಹೊತ್ತು ಒಳಗೆ ಹೋದರು. ಹೋದವರು ಹಂಡೆಗೆ ಸುರಿಯುವುದಕ್ಕಿಂತ ತುಸು ಹೆಚ್ಚೇ ಹೊತ್ತು ತಗೊಂಡರು.

ಬೀರವ್ವ ತೊಯ್ದ ಸೀರೆ ಹಿಂಡುತ್ತ ಕೂತಳು. ಮೊದಲು ಅವಳ ಹೊಟ್ಟೆ ಕುಣಿಯಿತು, ಆಮೇಲೆ ಹೆಗಲು, ಆಮೇಲೆ ಬಾಯಿ ತೆರೆದು ನಕ್ಕಳು. ಕಣ್ಣೊರೆಸಿಕೊಂಡು ಗಂಡನ ಕಡೆ ಬೆರಳು ಮಾಡಿದಳು.

“ಇವ್ರು ಶೇಂಗಾ ಸುಲಿಯೂ ಮಷೀನ ಮಾಡ್ಯಾರ್ರಿ, ಸೈಕಲ್ ಚೈನಿಂದ. ಮೂರ ಮಂದಿ ತಿರುವಿದ್ರ ಒಂದ ಶೇಂಗಾ ಸುಲೀತೈತಿ. ಆ ಒಂದು ಎಲ್ಲಿ ಹೋತಂತ ಹುಡಕಾಕ ಮತ್ತೊಬ್ಬ ಬೇಕು. ಇಂಥಾ ಮನ್ಯಾಗ ಬಾಳೇ ಮಾಡಾಕ ಇಂಥಾ ಮನ್ಯಾಗ ಬೆಳದಾಕಿನ ಬೇಕ್ರಿ. ಮಾಟಗಾರನ ಮಗಳಿಗೆ ಅಂಜಿ ಹೂಂ ಅಂದಿದ್ದೆ, ಅದನ್ನ ವಾಪಸ್ ತಗೊಂಡೇನಿ. ಈಗ ನೋಡಿ ಹೇಳಾಕತ್ತೇನಿ, ಹುಡಿಗಿ ಚಲೋ ಅದಾಳ.”

“ಒಪ್ಪತ್ತು?” ಎಂದು ಒಳಗಿನಿಂದ ಹೇಮಪ್ಪನ ಧ್ವನಿ ಕೇಳಿತು.

“ಮುಗೀತು, ಎಲಿ ಹಾಕ್ರಿ!”

ಹುಂಜದ ಎಲುಬೂ ಉಳಿಯಲಿಲ್ಲ. ತಿರಕಪ್ಪ ಕೋಟನ್ನು ಮೂರು ಸಲ ಮುಟ್ಟಿ ನೋಡಿದ್ದನ್ನು ಗಮನಿಸಿದ ಗುತ್ತೆವ್ವ ಅದನ್ನು ಒಣಗುವ ಮೊದಲೇ ಮಡಿಸಿ, ಬೀಗರಿಗೆ ಮರ್ಯಾದೆಯೆಂದು ಚೀಲದಲ್ಲಿ ಹಾಕಿ ಕಳಿಸಿಬಿಟ್ಟಳು. ರಬ್ಬರಿನ ಹುಳವನ್ನು ಮೈಲಾರೆಪ್ಪ “ನೋಡಿ ಕೊಡ್ತೇನಿ ಮಾಂವಾ” ಎಂದು ಒಯ್ದ. ಅವನು ನೋಡುವುದು ಇನ್ನೂ ಮುಗಿದಿಲ್ಲ.

ಸಂಜೆ ನಲ್ಲಿ ಬಂತು. ಬಕೀಟು ಸೋರುತ್ತಿತ್ತು. ಗುತ್ತೆವ್ವ ಸುತ್ತಮುತ್ತ ನೋಡಿ, ನೀರಿನ ಜೊತೆ ಹಂಡೆಯೊಳಗೆ ಬಿದ್ದಿದ್ದ ಪುಕ್ಕದ ಹುಳವನ್ನು ಎತ್ತಿಕೊಂಡಳು. ಕೊಕ್ಕೆ ಕಿತ್ತು ಬಿಸಾಡಿದಳು. ಗರಿ, ಕೂದಲು, ರೇಶಿಮೆ, ಮೇಣ ಎಲ್ಲವನ್ನೂ ತಿರುವಿ ತಿರುವಿ ತೂತಿಗೆ ತುರುಕಿದಳು. ಬರಿಯ ಅಂಗಿಯಲ್ಲಿ ಕಟ್ಟೆಯ ಮೇಲೆ ಕೂತಿದ್ದ ಗುಡದಪ್ಪ ಕುತ್ತಿಗೆ ಚಾಚಿ ನೋಡಿದ.

ಬಕೀಟು ತುಂಬಿತು. ತಳದಿಂದ ಒಂದು ಹನಿಯೂ ಬೀಳಲಿಲ್ಲ.

ಗುತ್ತೆವ್ವ ಬಕೀಟನ್ನು ಎತ್ತಿ, ಅಡಿಗೆ ಬಗ್ಗಿ ನೋಡಿದಳು. ಗಂಡನ ಕಡೆ ತಿರುಗಿದಳು. ಮದುವೆಯಾದಂದಿನಿಂದ ಅವಳ ಮುಖದ ಮೇಲೆ ಅಂಥ ಗೌರವವನ್ನು ಅವನು ಕಂಡಿರಲಿಲ್ಲ.

“ಬಾಳ ಚಂದ ಕಟ್ಟೀರಿ,” ಎಂದಳು. “ಇನ್ನೊಂದ ಕಟ್ರಿ. ಹಂಡೇನೂ ಸೋರತೈತಿ.”